‘ಅಂತೆ’ ಉದುರಿಹೋದಾಗ: ಆದಿಸಭೆ ದುರ್ಬೋಧಕರ ಬಗ್ಗೆ ಬರೆದದ್ದು ಹೇಗೆ?

ಯೌವನಸ್ಥರ ಕೂಟದಲ್ಲಿ ಕೊಟ್ಟ ಪಾಠದ ಬರಹರೂಪ
ಓದುವ ಭಾಗ: 1 ಯೋಹಾನ 4:1–3, ವಿಮೋಚನಕಾಂಡ 20:16, 2 ತಿಮೊಥೆಯ 2:24–26

ಈ ಮಳೆಯಲ್ಲಿ ಮಣಿಪಾಲದಿಂದ, ಕಾಪುವಿನಿಂದ, ಕಾರ್ಕಳದಿಂದ ರೈನ್‌ಕೋಟ್ ಹಾಕ್ಕೊಂಡು ಬಂದಿದ್ದೀರಿ. ಕರ್ತನು ನಿಮ್ಮನ್ನು ಆಶೀರ್ವದಿಸಲಿ. ಬೈಬಲ್ ತೆಗೆಯಿರಿ, ಮೊಬೈಲಲ್ಲಿದ್ದರೂ ಪರವಾಗಿಲ್ಲ. ಆದರೆ ವಾಟ್ಸಾಪ್ ಸ್ವಲ್ಪ ಹೊತ್ತು ಬಂದ್ ಮಾಡಿ. ಯಾಕೆ ಅಂತ ಆಮೇಲೆ ಗೊತ್ತಾಗ್ತದೆ.

ಕಳೆದ ತಿಂಗಳು ಮಣಿಪಾಲದ ಸೆಲ್ ಗ್ರೂಪ್‌ನಲ್ಲಿ ಒಬ್ಬ ತಂಗಿ ಕೇಳಿದಳು, “ಪಾಸ್ಟರ್, ನಾಸ್ಟಿಕರು ಅಂದ್ರೆ ನಾಸ್ತಿಕರಾ?” ಎಲ್ಲರೂ ನಕ್ಕರು. ಅವಳು ಬಿಡಲಿಲ್ಲ. “ಹಾಸ್ಟೆಲ್‌ನಲ್ಲಿ ನನ್ನ ರೂಮ್‌ಮೇಟ್ ಒಂದು ವಿಡಿಯೋ ಕಳಿಸಿದ್ದಾಳೆ. ತೋಮನ ಸುವಾರ್ತೆ ಅಂತ ಒಂದು ಉಂಟಂತೆ. ಸಭೆಯವರು ಅದನ್ನು ಮುಚ್ಚಿಟ್ಟರಂತೆ. ಅದನ್ನು ಓದುತ್ತಿದ್ದವರ ಬಗ್ಗೆ ಬಿಷಪರೆಲ್ಲ ಸುಳ್ಳು ಬರೆದರಂತೆ. ನಿಜವಾ?”

ನನ್ನ ಬಾಯಿಗೆ ಮೊದಲು ಬಂದ ಉತ್ತರ ಏನು ಗೊತ್ತುಂಟಾ? “ಅದೆಲ್ಲ ಸೈತಾನನ ಕೆಲಸ, ಆ ವಿಡಿಯೋ ನೋಡ್ಬೇಡ.” ಆದರೆ ಆ ಮಾತು ಹೇಳಲಿಕ್ಕೆ ಆಗಲಿಲ್ಲ. ಅವಳ ಪ್ರಶ್ನೆಯಲ್ಲಿ ಮೂರು ‘ಅಂತೆ’ ಇತ್ತು. ಅವಳು ಪ್ರಾಮಾಣಿಕಳು. ತಾನು ಕೇಳಿದ್ದನ್ನು ಕೇಳಿದ್ದು ಅಂತಲೇ ಹೇಳಿದಳು. ನಮ್ಮ ಕನ್ನಡದಲ್ಲಿ ಇದು ದೇವರು ಕೊಟ್ಟ ಒಳ್ಳೆಯ ಮಾತು ಅಂತ ನನಗೆ ಅನಿಸ್ತದೆ. ‘ಬಂದ’ ಬೇರೆ, ‘ಬಂದನಂತೆ’ ಬೇರೆ. ಮೊದಲನೆಯದಕ್ಕೆ ನಾನು ಸಾಕ್ಷಿ. ಎರಡನೆಯದಕ್ಕೆ ನಾನು ಸಾಕ್ಷಿ ಅಲ್ಲ. ಇವತ್ತಿನ ಪಾಠ ಪೂರ್ತಿ ಈ ಒಂದು ಸಣ್ಣ ಮಾತಿನ ಮೇಲೆ ನಿಂತಿದೆ.

ನಾಸ್ಟಿಕರು ಯಾರು?

ನಾಸ್ಟಿಕರು ನಾಸ್ತಿಕರಲ್ಲ. ಗ್ರೀಕಿನಲ್ಲಿ ‘ಗ್ನೋಸಿಸ್’ ಅಂದರೆ ಜ್ಞಾನ. ನಮ್ಮ ‘ಜ್ಞಾನ’ವೂ ಆ ‘ಗ್ನೋಸಿಸ್’ ಕೂಡ ಬಹಳ ಹಿಂದೆ ಒಂದೇ ಬೇರಿನಿಂದ ಬಂದ ಮಾತುಗಳು. ಎರಡನ್ನೂ ಒಟ್ಟಿಗೆ ಹೇಳಿ ನೋಡಿ, ಗೊತ್ತಾಗ್ತದೆ. ಕ್ರಿಸ್ತಶಕ 2ನೇ ಶತಮಾನದಲ್ಲಿ ಈಜಿಪ್ಟ್, ಸಿರಿಯಾ, ರೋಮ್‌ಗಳಲ್ಲಿ “ರಕ್ಷಣೆ ಬರುವುದು ಗುಪ್ತವಾದ ಒಂದು ಜ್ಞಾನದಿಂದ” ಎಂದು ಕಲಿಸುವ ಬೇರೆ ಬೇರೆ ಗುಂಪುಗಳಿದ್ದವು. ಇವರೆಲ್ಲ ಒಂದೇ ಸಂಘ ಅಲ್ಲ. ವ್ಯಾಲೆಂಟೈನಸ್ ಎಂಬವನ ಶಿಷ್ಯರು ಒಂದು ಕಡೆ, ಬೆಸಿಲಿಡೀಸನವರು ಇನ್ನೊಂದು ಕಡೆ. ಆದರೆ ಅನೇಕರಲ್ಲಿ ಕಾಣುವ ಬೋಧನೆ ಇದು: ಈ ಲೋಕವನ್ನು ಮಾಡಿದವನು ಪರಮ ದೇವರಲ್ಲ, ಕೆಳಗಿನ ಒಬ್ಬ ಅಜ್ಞಾನಿ ದೇವರು. ಶರೀರ ಒಂದು ಸೆರೆಮನೆ. ಯೇಸು ಬಂದದ್ದು ಪಾಪಕ್ಕೆ ಸಾಯಲಿಕ್ಕಲ್ಲ, ಒಳಗಿನ ಗುಟ್ಟು ತಿಳಿಸಲಿಕ್ಕೆ.

ಇದನ್ನು ನಾವು ಯಾಕೆ ಒಪ್ಪುವುದಿಲ್ಲ? ಯೋಹಾನನು ಪರೀಕ್ಷೆ ಕೊಟ್ಟಿದ್ದಾನೆ: ಯೇಸು ಕ್ರಿಸ್ತನು ಶರೀರಧಾರಿಯಾಗಿ ಬಂದನೆಂದು ಒಪ್ಪುವ ಆತ್ಮವೇ ದೇವರದ್ದು. ನಾವು ಪೆಂತೆಕೋಸ್ತ್ ಸಭೆಯವರು ರೋಗಿಯ ಹಣೆಗೆ ಎಣ್ಣೆ ಹಚ್ಚಿ ಕೈಯಿಟ್ಟು ಪ್ರಾರ್ಥಿಸುತ್ತೇವೆ. ಶರೀರ ಕಸ ಆಗಿದ್ದರೆ ಕೈಯಿಡುವುದು ಯಾತಕ್ಕೆ? ನೀರಿಗಿಳಿದು ದೀಕ್ಷಾಸ್ನಾನ ಯಾಕೆ? ಶರೀರದ ಪುನರುತ್ಥಾನ ಯಾಕೆ? ಆದ್ದರಿಂದ ಇಲ್ಲಿ ಗೊಂದಲ ಬೇಡ. ಆ ಬೋಧನೆ ತಪ್ಪು. ಇವತ್ತಿನ ಪ್ರಶ್ನೆ ಬೇರೆ. ತಪ್ಪು ಬೋಧನೆ ಮಾಡುವವನ ಬಗ್ಗೆ ಸತ್ಯ ಮಾತಾಡುವುದು ಹೇಗೆ?

ಮೊದಲು ನಾವೇ ಆರೋಪಿಗಳು

ಅಪೊಸ್ತಲರ ಕೃತ್ಯಗಳು 24 ತೆಗೆಯಿರಿ. ಫೇಲಿಕ್ಸನ ಮುಂದೆ ವಕೀಲ ತೆರ್ತುಲ್ಲನು ಪೌಲನನ್ನು ನಜರೇತಿನವರ ಪಂಗಡದ ಮುಂದಾಳು ಅಂತ ದೂರುತ್ತಾನೆ. ಅಲ್ಲಿ ‘ಪಂಗಡ’ ಎಂಬುದಕ್ಕೆ ಗ್ರೀಕ್ ಮಾತು ‘ಹೈರೆಸಿಸ್’. ಆಯ್ಕೆ, ಪಕ್ಷ ಅಂತ ಅದರ ಮೂಲ ಅರ್ಥ. ಮುಂದೆ ಸಭೆಯವರು ದುರ್ಬೋಧಕರಿಗೆ ಹಚ್ಚಿದ ಹೆಸರು ಕೂಡ ಇದೇ. ಅಂದರೆ ಈ ಮಾತು ಮೊದಲು ಬಿದ್ದದ್ದು ಪೌಲನ ಮೇಲೆ.

100 ವರ್ಷ ಮುಂದೆ ಹೋಗೋಣ. ರೋಮ್ ಸಾಮ್ರಾಜ್ಯದಲ್ಲಿ ವಿಶ್ವಾಸಿಗಳ ಬಗ್ಗೆ ಊರಿಡೀ ಮಾತು: ಅವರು ರಾತ್ರಿ ಕೂಡುತ್ತಾರಂತೆ, ಮಗುವನ್ನು ಕೊಂದು ತಿನ್ನುತ್ತಾರಂತೆ, ಆಮೇಲೆ ದೀಪ ಆರಿಸುತ್ತಾರಂತೆ, ಕತ್ತಲಲ್ಲಿ ಅಣ್ಣ ತಂಗಿ ಅಂತ ನೋಡುವುದಿಲ್ಲವಂತೆ. ಕರ್ತನ ಶರೀರ, ಕರ್ತನ ರಕ್ತ ಅಂತ ನಾವು ಹೇಳುವುದನ್ನೂ, ಬ್ರದರ್, ಸಿಸ್ಟರ್ ಅಂತ ಕರೆಯುವುದನ್ನೂ ಹೊರಗಿನವರು ಅರ್ಧಂಬರ್ಧ ಕೇಳಿದರೆ ಎಂತ ಕಥೆ ಕಟ್ಟಬಹುದು ನೋಡಿ.

ಈ ಮಾತಿಗೆ ಜೀವಗಳು ಹೋದವು. 177ರಲ್ಲಿ ಈಗಿನ ಫ್ರಾನ್ಸಿನ ಲಿಯೋನ್ ಪಟ್ಟಣದಲ್ಲಿ ವಿಶ್ವಾಸಿಗಳನ್ನು ಹಿಡಿದರು. ಅವರ ಮನೆಗಳಲ್ಲಿದ್ದ ಅನ್ಯಜನ ಆಳುಗಳು ಚಿತ್ರಹಿಂಸೆಗೆ ಹೆದರಿ ಇದೇ ಸುಳ್ಳನ್ನು ಹೇಳಿದರು. ಅಲ್ಲಿಯ ತನಕ ಸ್ವಲ್ಪ ಕರುಣೆ ಇದ್ದ ನೆರೆಯವರೂ ಅದನ್ನು ಕೇಳಿ ತಿರುಗಿಬಿದ್ದರು. 90 ವರ್ಷ ದಾಟಿದ ಬಿಷಪ್ ಪೊಥೀನಸ್ ಪೆಟ್ಟು ತಿಂದು ಸೆರೆಯಲ್ಲಿ ಸತ್ತರು. ಬ್ಲಾಂಡೀನಾ ಎಂಬ ದಾಸಿ ಹುಡುಗಿ ಹಿಂಸೆಯ ನಡುವೆ ತಾನು ಕ್ರೈಸ್ತಳು, ನಮ್ಮಲ್ಲಿ ಯಾವ ಕೆಟ್ಟ ಕೆಲಸವೂ ನಡೆಯುವುದಿಲ್ಲ ಅಂತ ಹೇಳುತ್ತಲೇ ಪ್ರಾಣ ಕೊಟ್ಟಳು. ಒಂದು ಗಾಳಿಮಾತಿನ ಬೆಲೆ ಅಷ್ಟು. ಈ ಪಟ್ಟಣ ನೆನಪಿಡಿ, ಪುನಃ ಬರ್ತೇವೆ.

‘ಅಂತೆ’ ಇಟ್ಟವರು, ಬಿಟ್ಟವರು

ಜಸ್ಟಿನ್ ಎಂಬ ಬೋಧಕರು ಸುಮಾರು 155ರಲ್ಲಿ ಚಕ್ರವರ್ತಿಗೆ ವಿಶ್ವಾಸಿಗಳ ಪರವಾಗಿ ಒಂದು ಮನವಿ ಬರೆದರು. ಅದರಲ್ಲಿ ದುರ್ಬೋಧಕರ ಮಾತೂ ಬರ್ತದೆ. ದೀಪ ಆರಿಸುವ, ನರಮಾಂಸ ತಿನ್ನುವ ಕೆಲಸ ಅವರಾದರೂ ಮಾಡುತ್ತಾರೋ ಎಂಬ ವಿಷಯ ಬಂದಾಗ ಜಸ್ಟಿನ್ ತಮಗೆ ಗೊತ್ತಿಲ್ಲ ಅಂತ ಬರೆಯುತ್ತಾರೆ. ಮಾತನ್ನು ಎತ್ತದೇ ಇದ್ದರೆ ಇನ್ನೂ ಚಂದ ಇತ್ತು. ಆದರೂ ವಿರೋಧಿಯ ವಿಷಯದಲ್ಲಿ “ನನಗೆ ಗೊತ್ತಿಲ್ಲ” ಅಂತ ಬರೆಯಲಿಕ್ಕೆ ದೊಡ್ಡ ಮನಸ್ಸು ಬೇಕು.

ಅದೇ ಜಸ್ಟಿನ್ ಇನ್ನೊಂದು ಕಡೆ ಜಾರಿದರು. ಅಪೊಸ್ತಲರ ಕೃತ್ಯಗಳು 8ರಲ್ಲಿ ಬರುವ ಮಂತ್ರವಾದಿ ಸೀಮೋನನಿಗೆ ರೋಮಿನವರು ತೈಬರ್ ನದಿಯಲ್ಲಿ ಪ್ರತಿಮೆ ನಿಲ್ಲಿಸಿ ದೇವರೆಂದು ಬರೆದಿದ್ದಾರೆ ಅಂತ ಹೇಳಿದರು. ಐರೇನಿಯಸ್, ತೆರ್ತುಲಿಯನ್, ಯುಸೇಬಿಯಸ್ ಕೂಡ ಆ ಮಾತನ್ನು ಎತ್ತಿದರು. 1574ರಲ್ಲಿ ಆ ನದಿಯ ದ್ವೀಪದಲ್ಲಿ ಒಂದು ಪ್ರತಿಮೆಯ ಪೀಠ ಸಿಕ್ಕಿತು. ಅದರಲ್ಲಿ ಕೆತ್ತಿದ್ದು ಸೀಮೋನನ ಹೆಸರಲ್ಲ. ‘ಸೆಮೊ ಸ್ಯಾಂಕುಸ್’ ಎಂಬ ಹಳೆಯ ಇಟಲಿಯ ದೇವರ ಹೆಸರು. ಜಸ್ಟಿನ್ ನೋಡಿದ್ದು ಅದನ್ನೇ ಇರಬೇಕು, ಅಕ್ಷರ ತಪ್ಪು ಓದಿದ್ದಾರೆ ಅಂತ ಪಂಡಿತರು ಹೇಳುತ್ತಾರೆ. ಸುಳ್ಳು ಹೇಳಬೇಕೆಂಬ ಮನಸ್ಸು ಅವರಲ್ಲಿರಲಿಲ್ಲ. ಅವರು ಸುಮಾರು 165ರಲ್ಲಿ ಯೇಸುವಿಗಾಗಿ ತಲೆ ಕೊಟ್ಟವರು. ರಕ್ತಸಾಕ್ಷಿಯೂ ತಪ್ಪು ಓದಬಹುದು. ಒಬ್ಬರು ಭಕ್ತರು ಅಂದ ಮಾತ್ರಕ್ಕೆ ಅವರ ಫಾರ್ವರ್ಡ್ ನಿಜ ಆಗುವುದಿಲ್ಲ.

ಈಗ ಎಪಿಫೇನಿಯಸ್. ಸೈಪ್ರಸ್ ದ್ವೀಪದ ಬಿಷಪ್. ಸುಮಾರು 375ರಲ್ಲಿ ‘ಪನಾರಿಯೋನ್’ ಎಂಬ ದೊಡ್ಡ ಗ್ರಂಥ ಬರೆದರು. ಹೆಸರಿನ ಅರ್ಥ ಔಷಧದ ಪೆಟ್ಟಿಗೆ. 80 ಪಂಗಡಗಳ ಪಟ್ಟಿ. ಪ್ರತಿ ಪಂಗಡಕ್ಕೂ ಒಂದು ಹಾವೋ ಚೇಳೋ ಹೋಲಿಕೆ, ಆಮೇಲೆ ಅದರ ವಿಷಕ್ಕೆ ಮದ್ದು. ಯುವಕರಾಗಿದ್ದಾಗ ಈಜಿಪ್ಟಿನಲ್ಲಿ ಒಂದು ನಾಸ್ಟಿಕ್ ಗುಂಪಿನ ಹೆಂಗಸರು ತಮ್ಮನ್ನು ಸೆಳೆಯಲು ನೋಡಿದರು, ತಾವು ತಪ್ಪಿಸಿಕೊಂಡು ಬಿಷಪರಿಗೆ ದೂರು ಕೊಟ್ಟೆವು, ಸುಮಾರು 80 ಜನರನ್ನು ಪಟ್ಟಣದಿಂದ ಹೊರಗೆ ಹಾಕಿದರು ಅಂತ ಬರೆದಿದ್ದಾರೆ. ಅಷ್ಟು ಅವರ ಸ್ವಂತ ಅನುಭವ. ಆದರೆ ಮುಂದೆ ಅದೇ ಗುಂಪಿನವರು ಕತ್ತಲೆಯ ಕೆಲಸ ಮಾಡುತ್ತಾರೆ, ಗರ್ಭದ ಮಗುವನ್ನು ತೆಗೆದು ತಿನ್ನುತ್ತಾರೆ ಅಂತಲೂ ಬರೆಯುತ್ತಾರೆ.

ಎಲ್ಲಿ ಕೇಳಿದ್ದೇವೆ ಈ ಕಥೆಯನ್ನು? ಲಿಯೋನಿನಲ್ಲಿ! ಬ್ಲಾಂಡೀನಾಳ ಮೇಲೆ ಹೊರಿಸಿದ್ದು ಇದೇ. ಸುಮಾರು 200 ವರ್ಷದ ಹಿಂದೆ ಯಾವ ಕಲ್ಲು ನಮ್ಮ ತಲೆಗೆ ಬಿತ್ತೋ ಅದೇ ಜಾತಿಯ ಕಲ್ಲನ್ನು ಹೆಕ್ಕಿ ಇನ್ನೊಬ್ಬರ ಮೇಲೆ ಎಸೆದೆವು.

ಪ್ರವಾದನೆಯ ಗುಂಪಿಗೂ ಅದೇ ಗತಿ

ಇದು ನಮಗೆ ದೂರದ ವಿಷಯ ಅಂತ ಅಂದುಕೊಳ್ಳಬೇಡಿ. 2ನೇ ಶತಮಾನದಲ್ಲಿ ಈಗಿನ ಟರ್ಕಿ ದೇಶದಲ್ಲಿ ಮಾಂಟೇನಸ್ ಎಂಬವನೂ ಪ್ರಿಸ್ಕಿಲ್ಲಾ, ಮ್ಯಾಕ್ಸಿಮಿಲ್ಲಾ ಎಂಬ ಇಬ್ಬರು ಸಹೋದರಿಯರೂ ಪವಿತ್ರಾತ್ಮನ ಹೆಸರಿನಲ್ಲಿ ಪ್ರವಾದನೆ ಹೇಳತೊಡಗಿದರು. ಇವರು ನಾಸ್ಟಿಕರಲ್ಲ. ‘ಹೊಸ ಪ್ರವಾದನೆ’ ಅಂತ ಕರೆದುಕೊಂಡವರು. ಅವರ ಎಲ್ಲ ಮಾತನ್ನೂ ನಾನು ಒಪ್ಪುವುದಿಲ್ಲ. ಆದರೆ ಪ್ರಾರ್ಥನೆಯಲ್ಲಿ ಆತ್ಮದಿಂದ ತುಂಬಿ ಕೂಗುವವರ ಬಗ್ಗೆ ಹೊರಗಿನವರು ಏನೇನು ಹೇಳಬಹುದು ಅಂತ ನಮಗೆ ಗೊತ್ತಲ್ವಾ. ಇವರ ಪಂಗಡಕ್ಕೂ ಮಗುವಿನ ರಕ್ತದ ಕಥೆ ಅಂಟಿತು. ಎಪಿಫೇನಿಯಸರ ಪೆಟ್ಟಿಗೆಯಲ್ಲಿ ಅದೂ ಉಂಟು.

ಅವರ ವಿರೋಧಿಯಾದ ಒಬ್ಬ ಬರಹಗಾರನ ಮಾತನ್ನು ಯುಸೇಬಿಯಸ್ ತನ್ನ ಸಭಾ ಚರಿತ್ರೆಯಲ್ಲಿ ಉಳಿಸಿದ್ದಾನೆ. ಆ ಬರಹಗಾರನ ಹೆಸರು ನಮಗೆ ಉಳಿದಿಲ್ಲ. ಮಾಂಟೇನಸನೂ ಮ್ಯಾಕ್ಸಿಮಿಲ್ಲಾಳೂ ನೇಣು ಹಾಕಿಕೊಂಡು ಸತ್ತರಂತೆ ಅಂತ ಅವನು ಬರೆಯುತ್ತಾನೆ. ಆದರೆ ಕೂಡಲೇ, ನಾವು ಕಣ್ಣಾರೆ ಕಂಡಿಲ್ಲವಾದ್ದರಿಂದ ಗೊತ್ತು ಅಂತ ಹೇಳಲಾರೆವು ಅಂತಲೂ ಸೇರಿಸುತ್ತಾನೆ. ವಿರೋಧಿಯೇ. ಆದರೂ ‘ಅಂತೆ’ಯನ್ನು ಬಿಡಲಿಲ್ಲ. ಆ ಹೆಸರಿಲ್ಲದ ಬರಹಗಾರನಿಗೆ ಪರಲೋಕದಲ್ಲಿ ಕೈಕುಲುಕಬೇಕು ಅಂತ ನನಗೆ ಆಸೆ.

ತೆರ್ತುಲಿಯನರ ಕಥೆ ಇನ್ನೂ ವಿಚಿತ್ರ. ಆಫ್ರಿಕಾದ ಕಾರ್ತೇಜಿನವರು. ದುರ್ಬೋಧಕರನ್ನು ವಾದಕ್ಕೇ ಸೇರಿಸಬಾರದು ಅಂತ ಒಂದು ಖಾರವಾದ ಪುಸ್ತಕ ಬರೆದರು. ಅದರಲ್ಲಿ, ಆ ಗುಂಪುಗಳ ಹೆಂಗಸರಿಗೆ ಎಷ್ಟು ಸೊಕ್ಕು, ಬೋಧಿಸುತ್ತಾರೆ, ದೆವ್ವ ಬಿಡಿಸುತ್ತಾರೆ, ಸ್ವಸ್ಥತೆಗೆ ಪ್ರಾರ್ಥಿಸುತ್ತಾರೆ ಅಂತ ಬೈದಿದ್ದಾರೆ. ನಮ್ಮ ಸಭೆಯ ಸಹೋದರಿಯರು ಕೇಳಿಸಿಕೊಳ್ಳಿ! ಕೆಲವೇ ವರ್ಷಗಳಲ್ಲಿ, ಸುಮಾರು 207ರ ಹೊತ್ತಿಗೆ, ಅದೇ ತೆರ್ತುಲಿಯನ್ ಹೊಸ ಪ್ರವಾದನೆಯ ಪಕ್ಷಕ್ಕೆ ಬಂದರು, ಪ್ರವಾದಿನಿಯರ ಮಾತಿಗೆ ಗೌರವ ಕೊಟ್ಟರು. ಮುಂದೆ ಆಗಸ್ಟೀನರು ದುರ್ಬೋಧೆಗಳ ಪಟ್ಟಿ ಬರೆದಾಗ ಅದರಲ್ಲಿ ತೆರ್ತುಲಿಯನರ ಹೆಸರಿನ ಪಂಗಡವೇ ಸೇರಿತು. ಪಟ್ಟಿ ಮಾಡುವ ಕೈ ಹುಷಾರಾಗಿರಬೇಕು. ನಾಳೆ ಆ ಪಟ್ಟಿಯಲ್ಲಿ ನಮ್ಮದೇ ಹೆಸರು ಇರಬಹುದು.

ಐರೇನಿಯಸರಿಂದ ಕಲಿಯುವುದು

ಹಾಗಾದರೆ ಆ ವಿಡಿಯೋ ಹೇಳಿದ್ದೇ ಸರಿಯಾ? ಬಿಷಪರೆಲ್ಲ ಸುಳ್ಳುಗಾರರಾ? ಇಲ್ಲ. ಲಿಯೋನಿಗೆ ಹಿಂದಿರುಗೋಣ. ಪೊಥೀನಸರ ನಂತರ ಅಲ್ಲಿ ಬಿಷಪ್ ಆದವರು ಐರೇನಿಯಸ್. ಚಿಕ್ಕಂದಿನಲ್ಲಿ ಸ್ಮುರ್ನದ ಪೊಲಿಕಾರ್ಪರ ಬೋಧನೆ ಕೇಳಿದವರು. ಪೊಲಿಕಾರ್ಪರು ಯೋಹಾನನನ್ನು ಕಂಡವರು. ಐರೇನಿಯಸ್ ಸುಮಾರು 180ರಲ್ಲಿ ನಾಸ್ಟಿಕರಿಗೆ ಉತ್ತರವಾಗಿ 5 ಭಾಗದ ದೊಡ್ಡ ಗ್ರಂಥ ಬರೆದರು. ಶುರುವಿನಲ್ಲೇ ಹೇಳುತ್ತಾರೆ: ವ್ಯಾಲೆಂಟೈನಸನ ಶಿಷ್ಯರ ಬರಹಗಳನ್ನು ನಾನು ಓದಿದ್ದೇನೆ, ಅವರಲ್ಲಿ ಕೆಲವರ ಜೊತೆ ಮಾತಾಡಿದ್ದೇನೆ.

1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿ ಎಂಬಲ್ಲಿ ಒಂದು ಹಳೆಯ ಮಡಕೆಯಲ್ಲಿ ಕಾಪ್ಟಿಕ್ ಭಾಷೆಯ ಪುಸ್ತಕಗಳು ಸಿಕ್ಕವು. ಒಟ್ಟು 50ಕ್ಕೂ ಹೆಚ್ಚು ಬರಹಗಳು, ಬಹಳಷ್ಟು ನಾಸ್ಟಿಕರದ್ದು. ಅಲ್ಲಿಯವರೆಗೆ ಅವರ ಬಗ್ಗೆ ನಮಗಿದ್ದ ತಿಳುವಳಿಕೆ ಹೆಚ್ಚಾಗಿ ವಿರೋಧಿಗಳು ಬರೆದದ್ದೇ. ಈಗ ತಾಳೆ ನೋಡಬಹುದಿತ್ತು. ನೋಡಿದರೆ, ‘ಯೋಹಾನನ ಗುಪ್ತಗ್ರಂಥ’ ಎಂಬ ಬರಹದ ಮೊದಲ ಭಾಗ ಐರೇನಿಯಸ್ ತಮ್ಮ ಮೊದಲ ಪುಸ್ತಕದಲ್ಲಿ ಕೊಟ್ಟ ಸಾರಾಂಶಕ್ಕೆ ಬಹಳ ಹತ್ತಿರ ಉಂಟು. 1,700 ವರ್ಷಗಳ ನಂತರವೂ ಅವರ ನೋಟ್ಸ್ ಪರೀಕ್ಷೆಯಲ್ಲಿ ಪಾಸ್! ಪೂರ್ತಿ ಅಲ್ಲ. ಕೆಲವು ನಾಸ್ಟಿಕರ ನಡತೆ ಕೆಟ್ಟದು, ಭೋಗದ ಜೀವನ ಅಂತ ಅವರು ಬರೆದದ್ದಕ್ಕೆ ಆ ಮಡಕೆಯ ಪುಸ್ತಕಗಳಲ್ಲಿ ಆಧಾರ ಸಿಗುವುದಿಲ್ಲ. ಅಲ್ಲಿ ಹೆಚ್ಚಾಗಿ ಕಾಣುವುದು ಶರೀರದ ಆಸೆಯನ್ನು ಬಿಡಬೇಕೆಂಬ ಕಠಿಣ ಬೋಧನೆ. ತಾವೇ ಓದಿದ ವಿಷಯದಲ್ಲಿ ಐರೇನಿಯಸ್ ಗಟ್ಟಿ. ನಡತೆಯ ಮಾತು ಬಂದಲ್ಲಿ ಅಷ್ಟು ಗಟ್ಟಿ ಅಲ್ಲ.

ಗೇಲಿಯನ್ನೂ ಮಾಡುತ್ತಾರೆ ಅವರು. ನಾಸ್ಟಿಕರು ದೇವಶಕ್ತಿಗಳಿಗೆ ಉದ್ದುದ್ದ ಹೆಸರಿಟ್ಟು ವಂಶಾವಳಿ ಮಾಡಿದ್ದನ್ನು ನೋಡಿ, ನಾನೂ ಸೋರೆಕಾಯಿ, ಸೌತೆಕಾಯಿ ಅಂತ ಹೆಸರಿಟ್ಟು ಒಂದು ವಂಶಾವಳಿ ಮಾಡಬಹುದಲ್ಲ ಅಂತಾರೆ. ನಗು ಬರ್ತದೆ. ಆದರೆ ಅದು ಬೋಧನೆಯ ಮೇಲೆ ಮಾಡಿದ ಗೇಲಿ. ಇನ್ನೊಂದು ಹೋಲಿಕೆ ನಿಮಗೆ ಸದಾ ನೆನಪಿರಲಿ: ಒಬ್ಬ ಕಲಾವಿದ ಬಣ್ಣದ ಕಲ್ಲುಗಳಿಂದ ರಾಜನ ಚಿತ್ರ ಮಾಡಿದ. ಇನ್ನೊಬ್ಬ ಬಂದು ಅದೇ ಕಲ್ಲುಗಳನ್ನು ಕಿತ್ತು ನರಿಯ ಚಿತ್ರ ಜೋಡಿಸಿ, ಇದೇ ರಾಜ ಅಂದ. ಕಲ್ಲು ಅದೇ, ಮುಖ ಬೇರೆ. ವಾಕ್ಯಗಳನ್ನು ಬೇಕಾದ ಹಾಗೆ ಜೋಡಿಸುವುದು ಅಂದರೆ ಇದು.

ನಾಸ್ಟಿಕರ ಗುಟ್ಟಿಗೆ ಅವರ ಉತ್ತರ ಸರಳ. ಅಪೊಸ್ತಲರಿಗೆ ಗುಪ್ತ ಬೋಧನೆ ಗೊತ್ತಿದ್ದರೆ, ಸಭೆಗಳನ್ನು ಯಾರ ಕೈಗೆ ಕೊಟ್ಟರೋ ಅವರಿಗೇ ಮೊದಲು ಹೇಳುತ್ತಿದ್ದರಲ್ಲ. ನಮ್ಮ ನಂಬಿಕೆ ಬಹಿರಂಗ. ಓದು ಬಾರದವನಿಗೂ ಅದೇ ಸುವಾರ್ತೆ, ಪಂಡಿತನಿಗೂ ಅದೇ. ಅದೇ ಪುಸ್ತಕದಲ್ಲಿ, ತಮ್ಮ ಕಾಲದ ಸಭೆಯಲ್ಲಿ ಪ್ರವಾದನೆ, ಅನ್ಯಭಾಷೆ, ಸ್ವಸ್ಥತೆ, ದೆವ್ವ ಬಿಡಿಸುವ ವರ ಇದ್ದವು ಅಂತಲೂ ಅವರು ಸಾಕ್ಷಿ ಕೊಟ್ಟಿದ್ದಾರೆ. ಹಾಲೆಲೂಯ! ವರಗಳು ಬೇಕು, ಗುಟ್ಟಿನ ವ್ಯಾಪಾರ ಬೇಡ. “ಇದು ಎಲ್ಲರಿಗೂ ಅಲ್ಲ, ವಿಶೇಷ ಅಭಿಷೇಕದವರಿಗೆ ಮಾತ್ರ” ಅಂತ ಯಾರಾದರೂ ಬಾಗಿಲು ಮುಚ್ಚಿ ಕಲಿಸಿದರೆ, ಅದು ಪೆಂತೆಕೋಸ್ತ್ ಹೆಸರಿನಲ್ಲಿದ್ದರೂ, ನನಗೆ 2ನೇ ಶತಮಾನದ ವಾಸನೆ ಬರ್ತದೆ.

ಕೊನೆಗೆ, ಮೂರನೆಯ ಪುಸ್ತಕದ ಅಂತ್ಯದಲ್ಲಿ ಐರೇನಿಯಸ್ ಆ ವಿರೋಧಿಗಳಿಗಾಗಿ ಪ್ರಾರ್ಥಿಸುತ್ತಾರೆ. ಅವರು ತಾವೇ ತೋಡಿದ ಗುಂಡಿಯಲ್ಲಿ ಉಳಿಯಬಾರದು, ಅವರು ತಮ್ಮನ್ನು ತಾವು ಪ್ರೀತಿಸುವುದಕ್ಕಿಂತ ಹೆಚ್ಚು ನಾವು ಅವರನ್ನು ಪ್ರೀತಿಸುತ್ತೇವೆ ಎಂಬ ಅರ್ಥದಲ್ಲಿ. ನಾನು ಬೈಬಲ್ ಕಾಲೇಜಿನಲ್ಲಿ ಡಿಪ್ಲೊಮಾ ಮಾಡುವಾಗ ಐರೇನಿಯಸರ ವಾದಗಳನ್ನು ಬಾಯಿಪಾಠ ಮಾಡಿದ್ದೆ. ಈ ಪ್ರಾರ್ಥನೆ ಕಣ್ಣಿಗೆ ಬೀಳಲಿಲ್ಲ.

ಮಲ್ಪೆಯ ಒಂದು ಮಾತು

ಈಜಿಪ್ಟಿನ ಮಾತು ಬಂತಲ್ಲ, ಅಲ್ಲಿ ನಮ್ಮ ಕರಾವಳಿಯ ವಿಷಯವೂ ಒಂದು ಉಂಟು. ಆಕ್ಸಿರಿಂಕಸ್ ಎಂಬ ಪಟ್ಟಣದ ಹಳೆಯ ಕಸದ ರಾಶಿಯನ್ನು 1896ರ ಕೊನೆಯಿಂದ ಇಬ್ಬರು ಇಂಗ್ಲಿಷ್ ವಿದ್ವಾಂಸರು ಅಗೆದರು. ಅಲ್ಲಿ ತೋಮನ ಸುವಾರ್ತೆಯ ಗ್ರೀಕ್ ಚೂರುಗಳು ಸಿಕ್ಕವು. ಐರೇನಿಯಸರ ಗ್ರಂಥದ ಬಹಳ ಹಳೆಯ ಒಂದು ಚೂರೂ ಸಿಕ್ಕಿತು. ಇನ್ನೊಂದು ಹಾಳೆಯಲ್ಲಿ ಒಂದು ಗ್ರೀಕ್ ಪ್ರಹಸನ ಇತ್ತು, ಅಂದರೆ ನಗೆನಾಟಕ. ಖಾರಿಟಿಯೋನ್ ಎಂಬ ಗ್ರೀಕ್ ಹುಡುಗಿ ಭಾರತದ ಸಮುದ್ರತೀರದಲ್ಲಿ ಸೆರೆಸಿಕ್ಕಿದ್ದಾಳೆ. ಅಲ್ಲಿಯ ರಾಜನಿಗೂ ಅವನ ಜನರಿಗೂ ದ್ರಾಕ್ಷಾರಸ ಕುಡಿಸಿ ಮತ್ತು ಬರಿಸಿ ಅವಳನ್ನು ಬಿಡಿಸಿಕೊಂಡು ಹೋಗುತ್ತಾರೆ. ಆ ಜನರು ಆಡುವ ಮಾತು ಗ್ರೀಕ್ ಅಲ್ಲ. ಅದು ಕನ್ನಡ ಎಂದು ಹುಲ್ಷ್ ಎಂಬ ಜರ್ಮನ್ ವಿದ್ವಾಂಸರು 1904ರಲ್ಲಿ ವಾದಿಸಿದರು. ನಮ್ಮ ಮಂಜೇಶ್ವರದ ಗೋವಿಂದ ಪೈಗಳು ಅದನ್ನು ಕುರಿತು ಬರೆದರು. ಯೇಸುವಿನ ಶಿಲುಬೆಯ ಮೇಲೆ ‘ಗೊಲ್ಗೊಥಾ’ ಕಾವ್ಯ ಬರೆದವರೂ ಅವರೇ. ಉಡುಪಿಯ ಎಂಜಿಎಂ ಕಾಲೇಜಿನಲ್ಲಿ ಅವರ ಹೆಸರಿನ ಸಂಶೋಧನ ಕೇಂದ್ರ ಉಂಟು. ಕಥೆಯ ಜಾಗ ಮಲ್ಪೆ ಹತ್ತಿರದ ವಡಭಾಂಡೇಶ್ವರ ಅಂತ ಇತಿಹಾಸಕಾರ ಸಾಲೆತೊರೆ ಅವರ ಅಭಿಪ್ರಾಯ. ಮಾತು ತುಳು ಅನ್ನುವವರೂ ಇದ್ದಾರೆ, ಎರಡೂ ಅಲ್ಲ ಅನ್ನುವವರೂ ಇದ್ದಾರೆ. ಚರ್ಚೆ ಮುಗಿದಿಲ್ಲ.

ನಾನು ಕೇಳುವುದು ಇಷ್ಟೇ. ನಮ್ಮ ಅಜ್ಜಂದಿರ ಬಗ್ಗೆ ಲೋಕಕ್ಕೆ ಗೊತ್ತಿರುವುದು ಆ ಪ್ರಹಸನ ಒಂದೇ ಆಗಿದ್ದರೆ? ಕುಡಿದು ಬೀಳುವವರು, ಅರ್ಥವಿಲ್ಲದ ಮಾತಾಡುವವರು, ಅಷ್ಟೇ! ನಮಗೆ ಹೇಗೆ ಅನಿಸ್ತದೆ? ಆ ಹುಡುಗಿಯ ಪ್ರಶ್ನೆಯ ನೋವು ನನಗೆ ಅರ್ಥ ಆದದ್ದು ಈ ಹಾಳೆಯ ವಿಷಯ ಓದಿದಾಗ.

ನನ್ನ ತಪ್ಪು

ಈಗ ನನಗೆ ಕಷ್ಟವಾದ ಭಾಗ. ಎರಡು ವರ್ಷದ ಹಿಂದೆ, ಕಾರ್ಕಳದ ಕಡೆ ಬಾಡಿಗೆ ಮನೆಯಲ್ಲಿ ಕೂಡುತ್ತಿದ್ದ ಒಂದು ಸಣ್ಣ ಸಭೆಯ ಬಗ್ಗೆ ನಾನು ಭಾನುವಾರ ವೇದಿಕೆಯಿಂದ ಮಾತಾಡಿದೆ. ತ್ರಯೇಕತ್ವದ ವಿಷಯದಲ್ಲಿ ಅವರ ಬೋಧನೆ ನಮ್ಮದಕ್ಕಿಂತ ಬೇರೆ. ಅದನ್ನು ವಾಕ್ಯದಿಂದ ತೋರಿಸಿದ್ದರೆ ಸಾಕಿತ್ತು. ನಾನು ಅಲ್ಲಿಗೆ ನಿಲ್ಲಲಿಲ್ಲ. “ಅವರು ರಾತ್ರಿ ಲೈಟ್ ಆಫ್ ಮಾಡಿ ಪ್ರಾರ್ಥನೆ ಮಾಡ್ತಾರೆ. ಒಳಗೆ ಎಂತ ನಡೀತದೆ ದೇವರಿಗೇ ಗೊತ್ತು” ಅಂದೆ. ನನಗೆ ಒಬ್ಬರು ಹೇಳಿದ್ದು, ಅವರಿಗೆ ಇನ್ನೊಬ್ಬರು ಹೇಳಿದ್ದು. ನನ್ನ ಬಾಯಿಗೆ ಬರುವಾಗ ‘ಅಂತೆ’ ಉದುರಿಹೋಗಿತ್ತು. ಸಭೆ ನಕ್ಕಿತು. ಯಾರೋ 30 ಸೆಕೆಂಡಿನ ಕ್ಲಿಪ್ ಮಾಡಿ ಸ್ಟೇಟಸ್ ಹಾಕಿದರು. ಅದು ಆ ಮನೆಯ ಓನರ್‌ಗೆ ತಲುಪಿತು. ಒಂದು ತಿಂಗಳಲ್ಲಿ ಮನೆ ಖಾಲಿ ಮಾಡಿ ಅಂದರು.

ವಿಷಯ ಗೊತ್ತಾಗಿ ನಾನು ಆ ಸಭೆಯ ಹಿರಿಯರನ್ನು ನೋಡಲು ಹೋದೆ. ನನಗಿಂತ 25 ವರ್ಷ ದೊಡ್ಡವರು. ಬೈಯಲಿಲ್ಲ. ಚಾ ಕೊಟ್ಟರು. ಆಮೇಲೆ ಹೇಳಿದರು, “ಅವತ್ತು ಗಾಳಿಮಳೆಗೆ ಕರೆಂಟ್ ಹೋಗಿತ್ತು ಪಾಸ್ಟರೇ. ಎರಡು ಗಂಟೆ ಬರ್ಲಿಲ್ಲ. ಕ್ಯಾಂಡಲ್ ಹಚ್ಚಿ ಪ್ರಾರ್ಥನೆ ಮುಂದುವರಿಸಿದೆವು. ನಮ್ಮ ಬೋಧನೆ ತಪ್ಪು ಅಂತ ನೀವು ಹೇಳಿ, ನಾನು ಉತ್ತರ ಕೊಡ್ತೇನೆ. ಆದ್ರೆ ನನ್ನ ಹೆಂಡತಿ ಮಕ್ಕಳು ಕೂತಿದ್ದ ಕೋಣೆ ಅದು. ಅದರ ಬಗ್ಗೆ ಹಾಗೆ ಹೇಳ್ಬಾರದಿತ್ತು.”

ಮುಂದಿನ ಭಾನುವಾರ ಇದೇ ವೇದಿಕೆಯಿಂದ ಕ್ಷಮೆ ಕೇಳಿದೆ. ನಿಮ್ಮಲ್ಲಿ ಕೆಲವರು ಅವತ್ತು ಇದ್ದಿರಿ. ಓನರ್ ಹತ್ತಿರವೂ ಹೋಗಿ ನಾನು ಹೇಳಿದ್ದು ಸುಳ್ಳು ಅಂತ ಒಪ್ಪಿದೆ. ಅಷ್ಟರಲ್ಲಿ ಮನೆ ಬೇರೆಯವರಿಗೆ ಹೋಗಿತ್ತು. ಕ್ಷಮೆ ಸಿಕ್ಕಿತು, ಮನೆ ಸಿಗಲಿಲ್ಲ. ಕ್ಷಮೆಯ ಕ್ಲಿಪ್ ಯಾರೂ ಸ್ಟೇಟಸ್ ಹಾಕಲೂ ಇಲ್ಲ.

ದೀಪ ಆರಿಸುವ ಕಥೆ! ರೋಮಿನವರು ಬ್ಲಾಂಡೀನಾಳ ಜನರ ಮೇಲೆ ಹೊರಿಸಿದ ಅದೇ ಕಥೆಯನ್ನು ನಾನು ಹೇಳಿದ್ದೆ. ನಮ್ಮ ಬಗ್ಗೆಯೂ ಊರಲ್ಲಿ ಮಾತುಂಟಲ್ಲ: ದುಡ್ಡು ಕೊಟ್ಟು ಕರೀತಾರಂತೆ, ನೀರಿಗೆ ಎಂತದೋ ಹಾಕಿ ಕುಡಿಸ್ತಾರಂತೆ. ಅದನ್ನು ಕೇಳಿ ಅಳುವ ನಾವೇ ಇನ್ನೊಬ್ಬರ ಬಗ್ಗೆ ಅದನ್ನೇ ಮಾಡಿದರೆ ಕರ್ತನು ಮೆಚ್ಚುತ್ತಾನಾ? ವಿಮೋಚನಕಾಂಡ 20:16ರ ಆಜ್ಞೆ ನೆರೆಯವನ ವಿಷಯ. ಆ ನೆರೆಯವನ ಉಪದೇಶ ಸರಿ ಇರಬೇಕು ಎಂಬ ಷರತ್ತು ಅಲ್ಲಿಲ್ಲ.

ಹಾಗಾದರೆ ಏನು ಮಾಡೋಣ?

ಒಂದು, ಬೋಧನೆಯನ್ನು ಪರೀಕ್ಷಿಸಿ. 1 ಯೋಹಾನ 4 ಆಜ್ಞೆ, ಸಲಹೆ ಅಲ್ಲ. “ಎಲ್ಲ ಒಂದೇ, ಬಿಡಿ” ಅನ್ನುವುದು ಪ್ರೀತಿ ಅಲ್ಲ, ಸೋಮಾರಿತನ.

ಎರಡು, ಅವರ ಮಾತನ್ನು ಅವರಿಂದಲೇ ತಿಳಿಯಿರಿ. ಐರೇನಿಯಸ್ ಓದಿದರು, ಮಾತಾಡಿದರು. ಅವರ ನಂಬಿಕೆಯನ್ನು ನೀವು ಹೇಳಿದರೆ ಅವರೇ “ಹೌದು, ನಾವು ನಂಬುವುದು ಅದನ್ನೇ” ಅನ್ನಬೇಕು. ಆಮೇಲೆ ಉತ್ತರ ಕೊಡಿ.

ಮೂರು, ಬೋಧನೆಯಿಂದ ನಡತೆಗೆ ಹಾರಬೇಡಿ. ಉಪದೇಶ ತಪ್ಪಿದವನು ಮನೆಯಲ್ಲಿ ಕೆಟ್ಟವನೇ ಇರಬೇಕು ಅಂತಿಲ್ಲ. ಉಪದೇಶ ಸರಿಯಿದ್ದವನು ಒಳ್ಳೆಯವನೇ ಅಂತಲೂ ಇಲ್ಲ. ನಿಜವಾಗಿ ಯಾರಿಗಾದರೂ ಹಾನಿ ಆಗುತ್ತಿದೆ ಅಂತ ನಿಮಗೆ ಗೊತ್ತಾದರೆ, ಮುಚ್ಚಿಡಬೇಡಿ. ಹಿರಿಯರಿಗೆ ಹೇಳಿ, ಬೇಕಾದರೆ ಪೊಲೀಸರಿಗೂ ಹೇಳಿ. ಆದರೆ ಕಂಡದ್ದನ್ನು ಕಂಡದ್ದು ಅಂತ, ಕೇಳಿದ್ದನ್ನು ಕೇಳಿದ್ದು ಅಂತ ಹೇಳಿ.

ನಾಲ್ಕು, ಪ್ರಾರ್ಥಿಸಿ. ಎದುರಿಸುವವರನ್ನು ಸೌಮ್ಯವಾಗಿ ತಿದ್ದಬೇಕು, ದೇವರು ಅವರಿಗೆ ಮಾನಸಾಂತರ ಕೊಡಬಹುದು ಅಂತ ಪೌಲನು ತಿಮೊಥೆಯನಿಗೆ ಬರೆದದ್ದನ್ನು ಓದಿದೆವು. ಯಾರಿಗಾಗಿ ಮೊಣಕಾಲೂರಿದ್ದೇವೋ ಅವರ ಬಗ್ಗೆ ಸುಳ್ಳು ಹೇಳಲಿಕ್ಕೆ ನಾಲಿಗೆ ಬರುವುದಿಲ್ಲ.

ಆ ತಂಗಿಗೆ ನಾನು ಕೊಟ್ಟ ಉತ್ತರ ಹೇಳಿ ಮುಗಿಸ್ತೇನೆ. “ಕೆಲವರು ಸುಳ್ಳು ಮಾತು ಬರೆದದ್ದು ಹೌದು. ಎಲ್ಲರೂ ಅಲ್ಲ, ಎಲ್ಲವೂ ಅಲ್ಲ. ತೋಮನ ಸುವಾರ್ತೆ ಇವತ್ತು ಯಾರೂ ಮುಚ್ಚಿಟ್ಟಿಲ್ಲ. ಅದರಲ್ಲಿ 114 ಮಾತುಗಳಿವೆ, ಶಿಲುಬೆಯ ಚರಿತ್ರೆ ಇಲ್ಲ, ಪುನರುತ್ಥಾನದ ಚರಿತ್ರೆ ಇಲ್ಲ. ಕೊನೆಯ ಮಾತಿನಲ್ಲಿ ಮರಿಯಳು ಪರಲೋಕರಾಜ್ಯಕ್ಕೆ ಸೇರಬೇಕಾದರೆ ಗಂಡಸಾಗಬೇಕು ಅಂತ ಉಂಟು. ನೀನೇ ಓದು. ಪಕ್ಕದಲ್ಲಿ ಲೂಕನ ಸುವಾರ್ತೆ ಇಟ್ಟು ಓದು. ಮರಿಯಳು ಮರಿಯಳಾಗಿಯೇ ಯೇಸುವಿನ ಪಾದದ ಹತ್ತಿರ ಕೂತದ್ದು ಯಾವುದರಲ್ಲಿ ಅಂತ ನೋಡು. ರೂಮ್‌ಮೇಟ್‌ನ ಹತ್ತಿರ ಜಗಳ ಮಾಡ್ಬೇಡ, ಅವಳನ್ನೂ ಕೂರಿಸಿ ಓದು.” ಹೋದ ವಾರ ಮೆಸೇಜ್ ಬಂತು: ಇಬ್ಬರೂ ಲೂಕ 10ಕ್ಕೆ ಬಂದಿದ್ದಾರೆ. ಇದರಲ್ಲಿ ‘ಅಂತೆ’ ಇಲ್ಲ, ನಾನೇ ಓದಿದ ಮೆಸೇಜ್!

ಎಲ್ಲರೂ ತಲೆ ಬಾಗಿಸೋಣ. ಕರ್ತನೇ, ನಮ್ಮ ಬಾಯಿಗೆ ಕಾವಲಿಡು. ನಿನ್ನ ಸತ್ಯವನ್ನು ಕಾಯುತ್ತೇವೆಂದು ಹೇಳಿ ನೆರೆಯವನ ಮೇಲೆ ಸುಳ್ಳು ಹೊರಿಸಿದ್ದನ್ನು ಕ್ಷಮಿಸು. ನನ್ನ ಮಾತಿನಿಂದ ಮನೆ ಕಳೆದುಕೊಂಡ ಆ ಸಹೋದರರಿಗೆ ಕೂಡಲು ಒಂದು ಜಾಗ ಕೊಡು. ಅವರೂ ನಾವೂ ನಿನ್ನ ಬೆಳಕಿಗೆ ಬರುವಂತೆ ಮಾಡು. ಶರೀರಧಾರಿಯಾಗಿ ಬಂದು, ಸುಳ್ಳು ಸಾಕ್ಷಿಗಳ ನಡುವೆ ಮೌನವಾಗಿ ನಿಂತ ಯೇಸುವಿನ ನಾಮದಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್.